ಚನ್ನವೀರಪ್ಪ ಮಾಸ್ತರರು ಇಂದೇ ಹೇಳಬೇಕಾದ ಮಾತು

ಗದಗ
ಇಸವಿ ೨೧೬೮, ಹದಿಮೂರನೆಯ ತಿಂಗಳು, ಎರಡನೆಯ ದಿನ

ಪೂಜ್ಯ ಚನ್ನವೀರಪ್ಪಜ್ಜನವರಿಗೆ,

ನಿಮ್ಮ ಮೊಮ್ಮಗಳ ಮರಿಮೊಮ್ಮಗ ಬಸವಂತನ ಶರಣು. ಹದಿಮೂರನೆಯ ತಿಂಗಳೆಂದರೆ ಗಾಬರಿಯಾಗಬೇಡಿ, ಉಳಿಕೆ ದಿನಗಳನ್ನೆಲ್ಲ ಕೂಡಿಸಿ ಮಾಡಿಕೊಂಡ ರಜೆ ಅದು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಬರುವ ಭಾನುವಾರ ಆ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವಾಗ ನೀವು ಅಲ್ಲಿರಬೇಕು. ಅದಕ್ಕೇ ಹಿಂದಕ್ಕೆ, ನಿಮ್ಮ ಕಾಲಕ್ಕೆ ಈ ಕಾಗದ.

ಇಂದು ನನಗೆ ಅರವತ್ತು ತುಂಬಿತು. ನಮ್ಮಲ್ಲಿ ಇದಕ್ಕೆ ಹರಿವಿನ ಹಬ್ಬ ಎನ್ನುತ್ತಾರೆ. ಗಂಡಸು ಬೀಗರು ಬಿಜ್ಜರ ನಡುವೆ ಮಣೆಯ ಮೇಲೆ ಕೂತು, ತನಗೆ ಮೂತ್ರ ಸರಾಗವೋ, ತಡೆತಡೆದು ಬರುತ್ತದೋ, ಉರಿಯುತ್ತದೋ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರೆಗೂ ಹೋಳಿಗೆ ಬಡಿಸುವುದಿಲ್ಲ. ನಾನು ತಡೆತಡೆದು ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು! ಡಾಕ್ಟರಮ್ಮ ಎಲೆಯ ಮುಂದೆಯೇ ನನ್ನ ಹೊಟ್ಟೆಗೆ ಒಳಗನ್ನಡಿ, ಅಂದರೆ ಒಳಗಿನದನ್ನು ತೋರಿಸುವ ಬಿಲ್ಲೆ, ಅಂಟಿಸಿ ನೋಡಿ, ಪ್ರಾಸ್ಟೇಟ್ ಗ್ರಂಥಿ ಕೊಂಚ ದಪ್ಪವಾಗಿದೆಯೆಂದು ಗುಳಿಗೆ ಕೊಟ್ಟರು. ನಾನು ಐದು ಹೋಳಿಗೆ ತಿಂದೆ.

ನಿಮ್ಮ ಕಥೆ ನಮಗೆಲ್ಲ ಬಾಯಿಪಾಠ. ಡ್ರೈವಿಂಗ್ ಸ್ಕೂಲಿನ ಮಾಸ್ತರರಾದ ನೀವು, ಕಲಿಯಲು ಬಂದವರಿಗೆಲ್ಲ ಬಸ್ ಸ್ಟ್ಯಾಂಡಿನ ಪಾಯಖಾನೆಯ ಎದುರೇ ರಿವರ್ಸ್ ಕಲಿಸಿದಿರಿ. ಅವರು ಗಾಡಿ ಹಿಂದೆ ಮುಂದೆ ಮಾಡುವಷ್ಟರಲ್ಲಿ ಮೂರು ಸಲ ಒಳಗೆ ಹೋಗಿ ಬರುತ್ತಿದ್ದಿರಿ. ಆಮೇಲೆ, ಕುಡಿದರೆ ತಾನೇ ತಾಪತ್ರಯ ಎಂದು ನೀರನ್ನೇ ಬಿಟ್ಟಿರಿ. ಜಾಣತನಕ್ಕೂ ಒಂದು ಮಿತಿ ಬೇಡವೇ ಅಜ್ಜಾ! ಈಗ ಮೂತ್ರ ಪೂರ್ತಿ ಹೋಗದೆ ಒಳಗೇ ನಿಂತು ಸೋಂಕಾಗಿದೆ. ಎರಡು ದಿನದಿಂದ ಉರಿ, ನಡುಗುವ ಜ್ವರ. ನಿಮ್ಮ ಹೆಂಡತಿ ಪಾರವ್ವಜ್ಜಿಗೆ ಮಾತ್ರ ನೆಗಡಿ ಎಂದಿದ್ದೀರಿ.

ನಾನು ಕೇಳಿದ ಕಥೆಯಲ್ಲಿ ನೀವು ಶನಿವಾರ ಕುಸಿದುಬಿದ್ದಿರಿ. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಕಣ್ಣುಬಿಟ್ಟಾಗ ಎಲ್ಲವನ್ನೂ ಹೇಳಿಕೊಂಡಿರಿ. ಅಜ್ಜಿ "ಇಷ್ಟಕ್ಕ ನಾಚಿ ಜೀವಾ ಕಳಕೊಳ್ಳಾಕ ಹೊಂಟಿದ್ರೇನ್ರೀ?" ಎಂದು ಅತ್ತು, ಆಮೇಲೆ ನಕ್ಕು, ಇನ್ನು ಈ ಮನೆಯ ಗಂಡಸರು ಹೇಳದೆ ಹೋಳಿಗೆಯಿಲ್ಲವೆಂದು ಕಟ್ಟಪ್ಪಣೆ ಮಾಡಿದರಂತೆ. ಹಬ್ಬ ಹುಟ್ಟಿದ್ದು ಹಾಗೆ.

ನಿಮಗೀಗ ಬುಧವಾರ. ಈ ಕಾಗದ ಮಡಚಿಟ್ಟು ಅಡುಗೆಮನೆಗೆ ಹೋಗಿ ಅಜ್ಜಿಗೆ ಹೇಳಿ, ಈಗಲೇ ದವಾಖಾನೆಗೆ ಹೊರಡಿ. ಹಬ್ಬ ತಪ್ಪೀತೆಂಬ ಚಿಂತೆ ಬೇಡ, ಅಪ್ಪಣೆ ಮಾಡಲು ಅಜ್ಜಿಗೆ ಒಂದು ನೆಪ ಸಾಕು.

ತೊಟ್ಟಿಲ ದಿನದ ಫೋಟೋ ನನ್ನ ಮುಂದಿದೆ. ನಂಟರು ಬಂದಾಗಿತ್ತೆಂದು ಶಾಸ್ತ್ರ ನಡೆಸಿಬಿಟ್ಟರಂತೆ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಖಾಲಿ: ನಿಮ್ಮದು, ನಿಮ್ಮ ಹಾಸಿಗೆಯ ಪಕ್ಕ ಕೂತಿದ್ದ ಅಜ್ಜಿಯದು. ಕಾಗದ ಕಳಿಸಿ ಬಂದು ಮತ್ತೊಮ್ಮೆ ನೋಡುತ್ತೇನೆ. ಆಗ ಆ ಕುರ್ಚಿಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೀವು ಕೂತಿರಬೇಕು.

ನಿಮ್ಮ
ಬಸವಂತ