ಮೇಲಿನಿಂದ ಕಂಡ ತಲೆ

ಸೆಪ್ಟೆಂಬರ್ 27, ಶನಿವಾರ

ಇವತ್ತೂ ಬರೀ ಪೆಟ್ಟಿಗೆ. ಡ್ರಾಯಿಂಗ್ ಕ್ಲಾಸಿನ ವರುಣ್ ಸರ್‌ಗೆ ಮುಖ ಎಂದರೆ ಅಲರ್ಜಿ. ಕಣ್ಣು ಮೂಗು ಎಲ್ಲ ಆಮೇಲೆ ಮೇಡಂ, ಮೊದಲು ಪೆಟ್ಟಿಗೆ ಬರೆಯಿರಿ, ಪೆಟ್ಟಿಗೆ ಎತ್ತ ತಿರುಗುತ್ತದೋ ತಲೆಯೂ ಅತ್ತಲೇ ಎನ್ನುತ್ತಾನೆ. ಶಾಲೆ ಮಕ್ಕಳ ನಡುವೆ ಕೂತು ಡಬ್ಬ ಗೀಚಿ ಬಂದೆ. ರಿಟೈರ್‌ಮೆಂಟ್ ತೆಗೆದುಕೊಂಡವಳಿಗೆ ಇನ್ನೇನು ಕೆಲಸ ಎಂದು ಇವರು ನಕ್ಕರು.

ಹೋಂವರ್ಕ್ — ಮೇಲಿನಿಂದ ಕಂಡ ತಲೆ. ಪೆಟ್ಟಿಗೆಯ ಮುಚ್ಚಳ ದೊಡ್ಡದು, ಹಣೆ ಅಗಲ, ಕೆಳಕ್ಕೆ ಹೋದಂತೆ ಎಲ್ಲ ಕುಗ್ಗಿ ಗದ್ದ ಹೆಚ್ಚುಕಡಿಮೆ ಮಾಯ. ಸಾತ್ವಿಕ್‌ನನ್ನು ಹಿಡಿದು ಎಣ್ಣೆಸ್ನಾನದ ಮಣೆಯ ಮೇಲೆ ಕೂರಿಸಿದೆ. ಇಷ್ಟು ದೊಡ್ಡ ಮಗ, ಕೂದಲು ನೋಡಿದರೆ ಪೊದೆ. ಪೊದೆಯೊಳಗೆ ಎರಡು ಸುಳಿ. ಎರಡು ಸುಳಿಯವನಿಗೆ ಎರಡು ಮದುವೆ ಎಂದು ಅತ್ತೆ ಛೇಡಿಸುತ್ತಿದ್ದರು. ಒಂದಕ್ಕೇ ಗತಿಯಿಲ್ಲ ಇನ್ನೂ.

"ಜಲ್ದಿ ಕರೋ ನಾ ಅಮ್ಮಾ, ಕುತ್ತಿಗೆ ನೋಯ್ತಿದೆ" ಎಂದ. ಹಬ್ಬದೊಳಗೆ ಕಟಿಂಗ್ ಮಾಡಿಸದಿದ್ದರೆ ನಾನೇ ಕತ್ತರಿ ಹಾಕುತ್ತೇನೆ ಎಂದೆ.

ಸೆಪ್ಟೆಂಬರ್ 28

ಸುಮಿತ್ ಇವರ ಕೆನ್ನೆಗೆ ಹೊಡೆದ.

ಗ್ರೌಂಡ್ ಫ್ಲೋರಿನ ಸುಮಿತ್. ಕಾರಿನ ಜಾಗಕ್ಕೆ ಹೂಕುಂಡ ಸಾಲಾಗಿಟ್ಟು ದೆಹಲಿಯ ಈ ರೋಹಿಣಿ ಬಡಾವಣೆಯೇ ತನ್ನದು ಎಂದುಕೊಂಡವನು. ಇವರು ಒಂದು ಕುಂಡ ಪಕ್ಕಕ್ಕೆ ಸರಿಸಿದ್ದಷ್ಟೇ. ಕನ್ನಡಕ ಹಾರಿ ಚರಂಡಿಗೆ ಬಿತ್ತು. ಮದ್ರಾಸಿ ಎಂದ, ಅದರ ಮುಂದೆ ಇನ್ನೂ ಏನೇನೋ. ಎಲ್ಲ ಬಾಲ್ಕನಿಯಲ್ಲೂ ಜನ. ಒಬ್ಬರೂ ಇಳಿಯಲಿಲ್ಲ. ಇವರು ಮೇಲೆ ಬಂದು, ಸೋಫಾದ ತುದಿಯಲ್ಲಿ ಕೂತು, ನೀರು ಕೇಳಿದರು. ಮೂವತ್ತು ವರ್ಷ ಆಫೀಸಿನಲ್ಲಿ ಯಾರ ಹತ್ತಿರವೂ ದನಿ ಎತ್ತದ ಮನುಷ್ಯ.

ಪೆಟ್ಟಿಗೆ ಬರೆದೆ. ಸುಮಿತ್‌ನ ತಲೆ. ಕಣ್ಣಿರುವ ಜಾಗಕ್ಕೆ ಪೆನ್ಸಿಲ್ ಚುಚ್ಚಿದೆ. ಮೊನೆ ಮುರಿಯುವವರೆಗೆ ಚುಚ್ಚಿದೆ, ಕೆಳಗಿನ ಹಾಳೆಗಳೂ ತೂತಾದವು.

ಸಮಾಧಾನವಾಗಲಿಲ್ಲ. ಊಟಕ್ಕೆ ಕೂತಾಗ ಬಾಯಿಗೆ ಬಂತು, ಅಂದೇಬಿಟ್ಟೆ. "ಈ ಮನೇಲಿ ಗಂಡಸರು ಅಂತ ಯಾರೂ ಇಲ್ವಾ?" ಇವರು ತಟ್ಟೆ ನೋಡುತ್ತಿದ್ದರು. ಸಾತ್ವಿಕ್ ಅರ್ಧಕ್ಕೇ ಎದ್ದುಹೋದ.

ಅಕ್ಟೋಬರ್ 1

ಆಯುಧಪೂಜೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ನನ್ನ ಪೆನ್ಸಿಲ್ ಡಬ್ಬಿ, ಸಾತ್ವಿಕ್‌ನ ಬೈಕು — ಎಲ್ಲಕ್ಕೂ ಕುಂಕುಮ. ಅವನ ಬಿಳಿ ಹೆಲ್ಮೆಟ್ಟಿನ ನೆತ್ತಿಗೂ ಕಾಸಿನಗಲ ಇಟ್ಟೆ. ಈ ಬ್ಲಾಕಿನಲ್ಲಿ ಹೆಲ್ಮೆಟ್ಟಿಗೆ ಕುಂಕುಮ ಇಡುವವಳು ನಾನೊಬ್ಬಳೇ. ಹೋದ ವರ್ಷ ನಗುತ್ತ ಫೋಟೋ ತೆಗೆದಿದ್ದ. ಈ ಸಲ ಬೈಕಿನ ಕೀಲಿ ಇಟ್ಟು ಒಳಗೆ ಹೋದ. ಇವರು ಹಳೇ ಕನ್ನಡಕ ಹಾಕಿಕೊಂಡು ಮಂಗಳಾರತಿ ಮಾಡಿದರು.

ಅಕ್ಟೋಬರ್ 3, ಸಂಜೆ 7

ಈಗಲೇ ಬರೆದಿಡುತ್ತೇನೆ.

ಬಟ್ಟೆ ತೆಗೆಯಲು ಬಾಲ್ಕನಿಗೆ ಹೋಗಿದ್ದೆ. ಕತ್ತಲಾಗುವ ಹೊತ್ತು. ಕೆಳಗೆ ಸುಮಿತ್ ಕಾರು ತೊಳೆಯುತ್ತಿದ್ದ. ಗೇಟಿನಾಚೆ ಬೈಕ್ ನಿಂತಿತು. ಒಬ್ಬ ಅದರ ಮೇಲೇ ಕೂತ. ಇನ್ನೊಬ್ಬ ಇಳಿದು ಒಳಗೆ ಬಂದ. ಹೆಲ್ಮೆಟ್ ತೆಗೆದ, ಮುಖಕ್ಕೆ ಕರ್ಚೀಫು ಕಟ್ಟಿದ್ದ. ಆ ಹೆಲ್ಮೆಟ್ಟಿನಿಂದಲೇ ಹೊಡೆದ.

ತೆಂಗಿನಕಾಯಿ ಒಡೆದ ಸದ್ದು. ಸುಮಿತ್ ಬಿದ್ದ. ಬಿದ್ದವನ ಮೇಲೆ ಮತ್ತೆ. ಮತ್ತೆ. ಬಕೆಟ್ ಉರುಳಿ ಸೋಪಿನ ನೊರೆ ಕೆಂಪಾಯಿತು. ಮೂರನೇ ಮಹಡಿಯಿಂದ ನನಗೆ ಕಂಡದ್ದು ಬೋಳಿಸಿದ ಹಾಗೆ ಕತ್ತರಿಸಿದ ನೆತ್ತಿ, ಎರಡು ಭುಜ, ಏರಿ ಇಳಿಯುವ ಕೈ. ಹೆಲ್ಮೆಟ್ ಮೇಲೆ ಕೆಂಪು. ರಕ್ತ.

ಕೂಗಲಿಲ್ಲ ನಾನು. ಖುಷಿಯಾಯಿತು. ಯಾರು ಓದಬೇಕು ಇದನ್ನ, ಬರೆಯುತ್ತೇನೆ — ಖುಷಿಯಾಯಿತು. "ಹಾಕು, ಇನ್ನೊಂದು ಹಾಕು" ಎಂದು ಬಾಯಲ್ಲೇ ಅಂದೆ. ಆಮೇಲೆ ಅವನ ಹೆಂಡತಿ ಮೋನಿಷಾ ಹೊರಗೆ ಬಂದಳು. ಅವಳ ಕಿರುಚಾಟ ಕೇಳಿದ ಮೇಲೆ ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಅಕ್ಟೋಬರ್ 4

ಪೊಲೀಸ್ ಬಂದು ಹೋದರು. ಸುಮಿತ್ ಐಸಿಯುನಲ್ಲಿ. ಗೇಟಿನ ಕ್ಯಾಮೆರಾ ಕೆಟ್ಟು ಎಷ್ಟೋ ದಿನವಾಗಿದೆಯಂತೆ. ಕೆಳಗಿದ್ದವರಿಗೆ ಕಂಡದ್ದು ಕರ್ಚೀಫು ಮಾತ್ರ. ನಾನು ನೆತ್ತಿ ಕಂಡೆ ಎಂದೆ. ನೆತ್ತಿ ಇಟ್ಟುಕೊಂಡು ಏನು ಮಾಡೋಣ ಆಂಟೀಜಿ ಎಂದು ಇನ್ಸ್‌ಪೆಕ್ಟರ್ ನಕ್ಕ. ಸಾತ್ವಿಕ್‌ನನ್ನೂ ವಿಚಾರಿಸಿದರು. ಗುರಗಾಂವ್ ಆಫೀಸಿನಲ್ಲಿದ್ದೆ ಎಂದ, ಜೊತೆಯವನೂ ಫೋನಿನಲ್ಲಿ ಹೌದೆಂದ.

ಹುಡುಗ ಕ್ಯಾಪ್ ಹಾಕಿಕೊಂಡೇ ಇದ್ದಾನೆ. ಕಟಿಂಗ್ ಕೆಟ್ಟುಹೋಯಿತಂತೆ. ಹೆಲ್ಮೆಟ್ ಮೆಟ್ರೋ ಪಾರ್ಕಿಂಗಿನಲ್ಲಿ ಯಾರೋ ಕದ್ದರಂತೆ. ಅಚ್ಛಾ, ಹೊಸದು ತಗೋ ಎಂದೆ.

ಅಕ್ಟೋಬರ್ 11

ಮೋನಿಷಾ ಬಂದಿದ್ದಳು. ಫೋನಿನಲ್ಲಿ ಫೋಟೋ ತೋರಿಸಿದಳು. ಸುಮಿತ್‌ನ ತಲೆಯ ಎಡಗಡೆ ಮೂಳೆ ತೆಗೆದಿದ್ದಾರೆ. ಅಲ್ಲಿ ಗುಂಡಿ. ಪೆಟ್ಟಿಗೆಯ ಒಂದು ಮೂಲೆಯನ್ನು ಕಾಲಿನಿಂದ ತುಳಿದ ಹಾಗೆ. ಕಣ್ಣು ಬಿಡುತ್ತಾನಂತೆ, ಮಾತಿಲ್ಲ, ಇವಳ ಗುರುತಿಲ್ಲ.

ನಾನು ಡ್ರಾಯಿಂಗ್ ಕಲಿಯುವುದು ಅವಳಿಗೆ ಯಾರೋ ಹೇಳಿದ್ದಾರೆ. "ಆಂಟಿ, ಆಪ್ ಹೀ ಬನಾ ದೀಜಿಯೇ" ಎಂದಳು, ಹೊಡೆದವನನ್ನು ಮೇಲಿನಿಂದ ಕಂಡಷ್ಟೇ ನೀವೇ ಬರೆದುಕೊಡಿ ಎಂದು. ಪೊಲೀಸರು ಒಬ್ಬ ಡೆಲಿವರಿಯವನನ್ನು ಎತ್ತಿಕೊಂಡು ಹೋಗಿದ್ದಾರೆ. ಸುಮಿತ್ ಅವನಿಗೂ ಯಾವಾಗಲೋ ಹೊಡೆದಿದ್ದನಂತೆ. ದಿನಾ ಬಾರಿಸುತ್ತಿದ್ದಾರೆ, ಒಪ್ಪುತ್ತಿಲ್ಲ, ಚಿತ್ರ ಇದ್ದರೆ ಹೋಲಿಸಬಹುದು ಎನ್ನುತ್ತಾಳೆ.

ಹೂಂ ಎಂದೆ. ಯಾಕೆ ಹೂಂ ಎಂದೆ?

ಅಕ್ಟೋಬರ್ 14

ಸೋನ್‌ಪಾಪಡಿ ಡಬ್ಬವನ್ನು ಕೆಳಗೆ ಅದೇ ಜಾಗದಲ್ಲಿಟ್ಟು ಮೇಲೆ ಬಂದು ನೋಡಿದೆ. ಎಷ್ಟು ತೊಳೆದರೂ ಸಿಮೆಂಟಿನಲ್ಲಿ ಕಲೆ ಇದೆ. ಇಲ್ಲಿಂದ ಡಬ್ಬದ ಮುಚ್ಚಳ ಪೂರ್ತಿ ಕಾಣುತ್ತದೆ, ಎದುರಿನ ಬದಿ ಒಂದು ಗೆರೆಯಷ್ಟು. ಬರೆದೆ. ವರುಣ್ ಸರ್‌ಗೆ ತೋರಿಸಿದೆ. ಪರ್ಸ್‌ಪೆಕ್ಟಿವ್ ಸರಿ, ಭುಜ ಸರಿ. ನೆತ್ತಿ ಮಾತ್ರ ಯಾಕೆ ಖಾಲಿ ಮೇಡಂ, ಕೂದಲು ಎಲ್ಲಿಂದ ಹೊರಡುತ್ತದೆ, ನೋಡಿದ್ದೀರಲ್ಲ ಎಂದು ಕೇಳಿದ.

ಪೆನ್ಸಿಲ್ ಎರಡು ತುಂಡು ಮಾಡಿ ಅವನ ಮೇಜಿನ ಮೇಲೆ ಎಸೆದು ಬಂದೆ.

ಅಕ್ಟೋಬರ್ 20

ನರಕ ಚತುರ್ದಶಿ. ಬೆಳಿಗ್ಗೆ ಎಣ್ಣೆ ಬಿಸಿ ಮಾಡಿ ಕರೆದೆ. ಬರಲಿಲ್ಲ. ಬೇಡ ಅಮ್ಮಾ, ಛೋಡೋ ಎಂದ. ಕ್ಯಾಪ್ ಕಿತ್ತೆ. ತೋಳು ಹಿಡಿದು ಬಚ್ಚಲಿಗೆ ಎಳೆದು ಮಣೆಯ ಮೇಲೆ ಕೂರಿಸಿದೆ.

ಕೂದಲು ಈಗ ಸ್ವಲ್ಪ ಬೆಳೆದಿದೆ. ಆದರೂ ಎರಡು ಸುಳಿ, ಬಾಲ್ಕನಿಯಿಂದ ಕಂಡ ಹಾಗೇ. ಹೆಲ್ಮೆಟ್ಟಿನ ಮೇಲಿದ್ದ ಆ ಕೆಂಪೂ ರಕ್ತವಲ್ಲ. ಮೊದಲನೇ ಏಟು ಬೀಳುವ ಮೊದಲೇ ಇತ್ತು ಅದು. ಕಾಸಿನಗಲ. ನಾನೇ ಇಟ್ಟದ್ದು.

ಹೊಡೆದೆ. ಎಣ್ಣೆ ಕೈಯಲ್ಲೇ ಬೆನ್ನಿಗೆ, ಕಿವಿಗೆ, ಆ ಎರಡು ಸುಳಿಯ ಮೇಲೆ. ಎಣ್ಣೆಬಟ್ಟಲು ತೆಗೆದುಕೊಂಡು ಹೊಡೆದೆ. ಹಣೆ ಒಡೆಯಿತು. ಕೈ ಅಡ್ಡ ತರಲಿಲ್ಲ ಅವನು.

"ಒಂದೇ ಏಟು ಹಾಕಿ ಬರೋಣ ಅಂತ ಹೋದೆ ಅಮ್ಮಾ. ಕೈ ನಿಲ್ಲಲಿಲ್ಲ." ಆಮೇಲೆ, "ಗಂಡಸರು ಇಲ್ವಾ ಅಂತ ನೀನೇ ಕೇಳಿದ್ದಲ್ವಾ."

ಹೊರಗಿನಿಂದ ಇವರು ನೀರು ಕಾದಿದೆಯಾ ಎಂದು ಕೇಳಿದರು. ಕಾದಿದೆ ಎಂದೆ. ಉಳಿದ ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ, ಸ್ನಾನ ಮಾಡಿಸಿದೆ.

ಅಕ್ಟೋಬರ್ 25, ಸಂಜೆ 5

ಡೆಲಿವರಿಯವನ ಬೆರಳು ಮುರಿದಿದ್ದಾರಂತೆ. ಇವತ್ತೋ ನಾಳೆಯೋ ಒಪ್ಪಿಕೊಳ್ಳುತ್ತಾನೆ, ಚಿತ್ರ ತೆಗೆದುಕೊಂಡು ಹೋಗಲು ಬರುತ್ತೇನೆ ಎಂದು ಮೋನಿಷಾ ಫೋನ್ ಮಾಡಿದ್ದಳು. ಖಾಲಿ ನೆತ್ತಿಯ ಹಾಳೆ ಸಿದ್ಧವಿತ್ತು. ಖಾಲಿ ನೆತ್ತಿ ಯಾರದೂ ಆಗಬಹುದು. ಆ ಡೆಲಿವರಿಯವನದೂ. ಅದನ್ನೇ ಕೊಡುವುದು ಎಂದುಕೊಂಡಿದ್ದೆ. ನನ್ನ ಮಗ ಉಳಿದರೆ ಸಾಕು, ಯಾರ ಬೆರಳು ಮುರಿದರೆ ನನಗೇನು.

ಫೋನಿನ ಮಾತೆಲ್ಲ ಸಾತ್ವಿಕ್ ಕೇಳಿಸಿಕೊಂಡಿದ್ದ. ಮಣೆ ತಾನೇ ತಂದು ನನ್ನ ಕಾಲ ಬಳಿ ಹಾಕಿಕೊಂಡ. ಕ್ಯಾಪ್ ತೆಗೆದು ತಲೆ ಬಗ್ಗಿಸಿ ಕೂತ. ಬೇಡವೋ ಎಂದೆ. ಏಳಲಿಲ್ಲ. ಅದೇ ಹಾಳೆಯ ಮೇಲೆ ಒಂದು ಸುಳಿ ಬರೆದೆ. ಸಾಕು ಎಂದು ಪೆನ್ಸಿಲ್ ಇಟ್ಟೆ. ತಲೆ ಎತ್ತದೆ ಅಂದ —

"ಎರಡೂ ಹಾಕು."

ಹಾಕಿದೆ.

ಬೆಲ್ ಆಯಿತು. ಅವನೇ ಹಾಳೆ ಎಳೆದುಕೊಂಡ. ನಾನು ಬಿಡಲಿಲ್ಲ, ಮೂಲೆ ಹರಿದು ನನ್ನ ಕೈಯಲ್ಲೇ ಉಳಿಯಿತು. ಹೋಗಿ ಬಾಗಿಲು ತೆಗೆದ. ಈ ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿಂದ ಅವನ ಬೆನ್ನು ಕಾಣುತ್ತದೆ. ಮೋನಿಷಾ ಅವನ ಎದೆಯ ಎತ್ತರ. ಅಷ್ಟು ಕೆಳಗಿನಿಂದ ಅವಳಿಗೆ ಅವನ ಗದ್ದ ಕಾಣುತ್ತದೆ, ಮೂಗಿನ ಅಡಿ ಕಾಣುತ್ತದೆ. ನೆತ್ತಿ ಕಾಣುವುದಿಲ್ಲ. ಹಾಳೆ ಕೊಟ್ಟ. ನೋಡುತ್ತಿದ್ದಾಳೆ. ಥ್ಯಾಂಕ್ಯೂ ಭಯ್ಯಾ ಎಂದಳು. ಹೊರಟಳು. ಬಾಗಿಲು ಹಾಕು ಸಾತ್ವಿಕ್, ಹಾಕಿಬಿಡು. ಹಾಕುತ್ತಿಲ್ಲ. ನಿಲ್ಲಿ ಎಂದು ಅವಳನ್ನು ಕರೆದ. ಕ್ಯಾಪಿಲ್ಲದ ತಲೆ ಬಗ್ಗಿಸುತ್ತಿದ್ದಾನೆ. ಅವಳ ಕಾಲಿಗೆ —