ಧೃತಿಯ ಅರ್ಜಿ ಮಂಜೂರಾದ ಬಗ್ಗೆ

ಮಗಳೇ ಭಾರ್ಗವಿ,

ಈ ಮೂಲಕ ನಿನಗೆ ತಿಳಿಯಪಡಿಸುವುದೇನೆಂದರೆ, ನಿನ್ನ ಮಗಳು ಧೃತಿಯ ಥೆರಪಿಗೆ ಸರ್ಕಾರದ ಸಹಾಯಧನ ಇಂದು ಬೆಳಿಗ್ಗೆ ಮಂಜೂರಾಯಿತು. ಸೋಮವಾರದಿಂದ ಜೆ.ಪಿ. ನಗರದ ಕೇಂದ್ರಕ್ಕೆ ನಾನೇ ಅವಳನ್ನು ಕರೆದುಕೊಂಡು ಹೋಗುತ್ತೇನೆ.

ಕಚೇರಿಯ ಹೆಣ್ಣುಮಗಳು ಕಡತದಲ್ಲಿದ್ದ ನಮ್ಮ ಹಳೆಯ ಅರ್ಜಿಯನ್ನೂ ತೆಗೆದು ನೋಡಿದಳು. "ತಾತ, ಮೂರು ವರ್ಷದ ಹಿಂದೆ ಇದ್ರಲ್ಲಿ ಆಟಿಸಂ ಅಂತಾನೇ ಬರ್ದಿಲ್ವಲ್ಲ! 'ಮಾತು ಕೊಂಚ ತಡ' ಅಂತಿದೆ. ರಿಜೆಕ್ಟ್ ಆಗ್ದೇ ಇನ್ನೇನಾಗುತ್ತೆ? ಅಕ್ಷರ ನೋಡಿದ್ರೆ ಮುತ್ತು! ಯಾರು ಬರ್ದಿದ್ದು?" ಎಂದಳು.

ನಾನು ಮಂಜೂರಾತಿ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡೆ.

"ಅಪ್ಪ, ನಲವತ್ತು ವರ್ಷ ಕೋರ್ಟ್ ಮುಂದೆ ಕೂತು ಊರೋರ ಮನವಿ ಎಲ್ಲಾ ಬರ್ದುಕೊಟ್ಟಿದ್ದೀರ. ಇದೊಂದು ನನಗೋಸ್ಕರ ಬರ್ದುಕೊಡಿ" ಎಂದು ನೀನು ಕೇಳಿದ್ದೆ. ವೈದ್ಯರ ಚೀಟಿಯಲ್ಲಿದ್ದ ಆ ಪದವನ್ನು ನಮ್ಮ ಮನೆತನದ ಹೆಸರಿನ ಕೆಳಗೆ ಬರೆಯಲು ನನಗೆ ಕೈ ಬರಲಿಲ್ಲ. ನೀನು ಓದದೆಯೇ ಸಹಿ ಹಾಕಿದೆ. ಅರ್ಜಿ ತಿರಸ್ಕೃತವಾದಾಗ ನೀನು ಕಚೇರಿಯವರನ್ನು ಬೈದೆ, ನಾನೂ ದನಿಗೂಡಿಸಿದೆ. ಆಸ್ಪತ್ರೆಯಲ್ಲಿ ಕೊನೆಯ ದಿನವೂ ನೀನು "ಇನ್ನೊಂದ್ಸಲ ಹಾಕಿ ನೋಡಿ ಅಪ್ಪ" ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊದಲ ಅರ್ಜಿಯ ಹೊತ್ತಿಗೆ ನಾಲ್ಕು ವರ್ಷದವಳಾಗಿದ್ದ ಧೃತಿಗೆ ಈಗ ಏಳು.

ಈ ಬಾರಿ ಏನನ್ನೂ ಮರೆಮಾಚಲಿಲ್ಲ. ಆ ಪದವನ್ನು ದಪ್ಪಕ್ಷರದಲ್ಲಿ ಬರೆದೆ. ಅದರ ಕೆಳಗೆ ತಾಯಿಯ ಹೆಸರು ಕೇಳಿದ್ದರು. ನಿನ್ನ ಹೆಸರಿಗೆ ಮುಂಚೆ 'ದಿವಂಗತ' ಎಂಬುದನ್ನೂ ಬರೆದೆ.

ಇಂತಿ,
ಎರಡೂ ಅರ್ಜಿಗಳನ್ನು ಬರೆದ
ನಿನ್ನ ಅಪ್ಪ