ಹಲ್ಲುಸಂದಿಯ ಸೀಟಿ

ಅಮ್ಮಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದೆ ಹೋಗುವ ಹಾಗಿಲ್ಲ. ಬುಧವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ನಿನ್ನ ಸೀಟಿ ಕೇಳಿಸಿತು. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆ. ಕುಕ್ಕರ್ ಇರಬೇಕು ಅಂದುಕೊಂಡೆ. ತಿರುಗಿ ನೋಡಿದರೆ ಒಲೆ ಹಚ್ಚೇ ಇರಲಿಲ್ಲ. ಸಣ್ಣಗೆ, ಎಳೆದು, ಕೊನೆಯಲ್ಲಿ ಸ್ವಲ್ಪ ನಡುಗುವ ಆ ಸದ್ದು ಲೋಕದಲ್ಲಿ ಒಬ್ಬಳೇ ಒಬ್ಬಳ ಬಾಯಿಂದ ಬರುತ್ತಿತ್ತು. ಅವಳು ಹೋಗಿ ವರ್ಷವಾಗುತ್ತಾ ಬಂತು.

ಒದ್ದೆ ಬಟ್ಟೆ ಹಿಡಿದುಕೊಂಡೇ ಕೋಣೆಗೆ ಹೋದೆ. ಅಲ್ಲಿ ಪುಟ್ಟಿ ಒಬ್ಬಳೇ ಇದ್ದಳು. ತೊಟ್ಟಿಲಲ್ಲಿ ಕೂತು, ಕಂಬಿ ಹಿಡಿದು, ಕಿಟಕಿ ಪಕ್ಕದ ಖಾಲಿ ಕುರ್ಚಿಯನ್ನು ನೋಡುತ್ತಿದ್ದಳು. ಮೇಲಿನ ಎರಡು ಹಲ್ಲು ಹೊಸದಾಗಿ ಬಂದಿವೆ, ನಡುವೆ ಸಂದು. ಆ ಸಂದಿನಿಂದ ಉಸಿರು ಬಿಡುತ್ತ ಆಟವಾಡುತ್ತಿದ್ದಳು. ಹಾಲುಹಲ್ಲಿನಲ್ಲಿ ಸಂದು ಇರುವುದು ಮಾಮೂಲು. ಹಲ್ಲಿನ ಸೆಟ್ಟು ಮಾಡಿ ಹೊಟ್ಟೆ ಹೊರೆಯುವ ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಿನ್ನನ್ನು ಕರೆದದ್ದು ನಾನೇ. ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಹೊರಡುವ ಮುಂಚೆ ಪುಟ್ಟಿಗೆ ಹಾಲು ಕುಡಿಸುತ್ತಿದ್ದೆ. ವಾರದಿಂದ ವಸಡು ಊದಿ, ಜೊಲ್ಲು ಸುರಿಸಿಕೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತಿದ್ದಳು. ಹೊಟ್ಟೆ ತುಂಬಿದ ಮೇಲೆ ಆಟಕ್ಕೆಂದು ಕಚ್ಚಿದಳು ನೋಡು, ಜೀವ ಬಾಯಿಗೆ ಬಂತು. ನೋವಾದರೆ ಯಾರಾದರೂ ಕೂಗುವ ಹಾಗೆ 'ಅಮ್ಮಾ!' ಎಂದು ಕೂಗಿದೆ. ಪಕ್ಕದ ಮನೆಗೂ ಕೇಳಿಸಿರಬೇಕು. ಅಷ್ಟು ಜೋರಾಗಿ ಕರೆದರೆ ನೀನಾದರೂ ಬರದೆ ಏನು ಮಾಡುತ್ತೀಯ?

ಪುಟ್ಟಿ ಬೆಚ್ಚಿ ಬಾಯಿ ಬಿಟ್ಟಳು. ಅಳಲಿಲ್ಲ. ಯಾರೋ ಹೊಸಬಳನ್ನು ನೋಡುವಂತೆ ನನ್ನನ್ನೇ ನೋಡಿದಳು. ಆಮೇಲೆ ಮುಖ ತಿರುಗಿಸಿದಳು. ಇವತ್ತು ಶುಕ್ರವಾರ, ಐದನೇ ದಿನ. ಅವಳು ಇನ್ನೂ ಇತ್ತ ತಿರುಗಿಲ್ಲ. ಎದೆಯ ಹತ್ತಿರ ತಂದರೆ ಸಾಕು, ಮೈಯನ್ನೆಲ್ಲ ಬಿಗಿ ಮಾಡಿ ಕಿರುಚುತ್ತಾಳೆ.

ಹಾಲನ್ನು ಕೈಯಿಂದಲೇ ಹಿಂಡಿ ಬಟ್ಟಲಿಗೆ ತೆಗೆಯುತ್ತಿದ್ದೇನೆ. ಅದನ್ನೇ ಅತ್ತೆ ಚಮಚದಲ್ಲಿ ಕೊಟ್ಟರೆ ಗುಟುಕು ಗುಟುಕಾಗಿ ಕುಡಿಯುತ್ತಾಳೆ. ನನ್ನ ಕೈಯ ಚಮಚ ಮಾತ್ರ ಬೇಡ. "ಒಳ್ಳೇದೇ ಆಯ್ತು ಬಿಡು, ತಾನಾಗೇ ಬಿಟ್ಳು. ಹಲ್ಲು ಬಂದ್ಮೇಲೆ ಇನ್ನೇನು ಎದೆಹಾಲು? ನೀನೂ ನೆಮ್ಮದಿಯಾಗಿ ಕೆಲಸಕ್ಕೆ ಹೋಗ್ಬಹುದು" ಎನ್ನುತ್ತಾರೆ ಅತ್ತೆ. ಕೆಟ್ಟ ಮನಸ್ಸಿನಿಂದಲ್ಲ. ಮಕ್ಕಳ ಆಸ್ಪತ್ರೆಯ ನರ್ಸ್ ಬೇರೆಯೇ ಹೇಳಿದಳು. "ಬಲವಂತ ಮಾಡ್ಬೇಡಿ, ಕಾಯಿರಿ. ಹಾಲು ತೆಗೀತಾ ಇರಿ, ಇಲ್ಲಾಂದ್ರೆ ಬತ್ತಿ ಹೋಗುತ್ತೆ. ಇನ್ನೊಂದ್ಸಲ ಕಚ್ಚಿದ್ರೆ ಕೂಗ್ಬೇಡಿ, ಬಾಯಿ ಮೂಲೆಗೆ ಕಿರುಬೆರಳು ಹಾಕಿ ಮೆಲ್ಲಗೆ ಬಿಡಿಸ್ಕೊಳ್ಳಿ." ಇನ್ನೊಂದು ಸಲ ಕಚ್ಚಲಿ ಎಂದು ಬೇಡಿಕೊಳ್ಳುವ ಸ್ಥಿತಿ ನನ್ನದು. ನಿನ್ನೆಯಿಂದ ಬಟ್ಟಲಿಗೆ ಬೀಳುವ ಹಾಲೂ ಕಡಿಮೆಯಾಗುತ್ತಿದೆ.

ಈ ಕಥೆಯನ್ನು ನಿನ್ನಿಂದ ನೂರು ಸಲ ಕೇಳಿದ್ದೇನೆ. ಒಂಬತ್ತು ತಿಂಗಳವಳಿದ್ದಾಗ ನಾನು ಕಚ್ಚಿದ್ದು, ನೀನು ಚೀರಿದ್ದು, ನಾನು ಮುಖ ತಿರುಗಿಸಿ ಮತ್ತೆಂದೂ ನಿನ್ನ ಎದೆಗೆ ಬಾಯಿ ಹಾಕದೆ ಹೋದದ್ದು. "ಒಂಬತ್ತು ತಿಂಗಳಿಗೇ ನನ್ನ ಕೈಬಿಟ್ಟ ಮಹಾರಾಯ್ತಿ ಇವ್ಳು" ಎಂದು ಮನೆಗೆ ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನೀನು ಎಲ್ಲರಿಗಿಂತ ಜೋರಾಗಿ, ಹಲ್ಲಿನ ಸಂದು ಕಾಣುವಂತೆ ನಗುತ್ತಿದ್ದೆ. ನಾನೂ ಅದನ್ನು ತಮಾಷೆ ಎಂದೇ ನಂಬಿದ್ದೆ.

ಆ ಸಂದಿನಿಂದಲೇ ಅಲ್ಲವೇ ನೀನು ಬಸ್ ನಿಲ್ದಾಣದ ಮೈಕಿನಲ್ಲಿ ಮೂವತ್ತು ವರ್ಷ ಕೂಗಿದ್ದು. "ಪ್ರಯಾಣಿಕರ ಗಮನಕ್ಕೆ, ಬಸ್ಸು ಸಂಖ್ಯೆ ಇಪ್ಪತ್ತಾರು ಸಂಜೆ ಆರಕ್ಕೆ ಅಂಕಣ ಸಂಖ್ಯೆ ಏಳರಿಂದ ಹೊರಡಲಿದೆ." ಎಲ್ಲಿ 'ಸ' ಬಂದರೆ ಅಲ್ಲಿ ಸೀಟಿ. ದೇವರಾಣೆ, ಆ ಕೆಲಸದಲ್ಲಿ 'ಸ' ಇಲ್ಲದ ಮಾತೇ ಇರಲಿಲ್ಲ. ಪ್ರಯಾಣಿಕರಿಗೆ ನಿನ್ನ ಸೀಟಿ ಕೇಳಿದರೇನೇ ಬಸ್ಸು ಹೊರಡುತ್ತದೆ ಎಂಬ ಧೈರ್ಯ. ಶಾಲೆಯಲ್ಲಿ ಮಾತ್ರ ನಾನು ಗೇಟು ದಾಟುವಷ್ಟರಲ್ಲಿ ಹುಡುಗಿಯರು "ಬಸ್ಸ್ಸ್ಸು ಬಂತು" ಎಂದು ಅಣಕಿಸುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ. ಇದನ್ನು ನಿನಗೆ ಯಾವತ್ತೂ ಹೇಳಲಿಲ್ಲ.

ವಸಡಿನ ರೋಗಕ್ಕೆ ನಿನ್ನ ಹಲ್ಲೆಲ್ಲ ಕೀಳಿಸಬೇಕಾಗಿ ಬಂದಾಗ ಸೆಟ್ಟು ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಿದ್ದೆ. ಲ್ಯಾಬಿನ ಯಜಮಾನರು ನಿನ್ನ ಹಳೆಯ ಹಲ್ಲಿನ ಪ್ಲಾಸ್ಟರ್ ಅಚ್ಚನ್ನು ಪಕ್ಕದಲ್ಲಿಟ್ಟು, "ಸಂದು ಬಿಡ್ತೀಯೋ, ಮುಚ್ತೀಯೋ? ಅಮ್ಮನ್ನ ಒಂದ್ಮಾತು ಕೇಳು" ಎಂದರು. ಕೇಳಲಿಲ್ಲ. ಮುಚ್ಚಿಬಿಟ್ಟೆ. ನಿನ್ನ ಅಂದಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಶಾಲೆಯ ಗೇಟಿನಲ್ಲಿ ನಿಂತಿದ್ದ ಹುಡುಗಿ ನಾಚಿಕೆಯಿಂದ ಮುಚ್ಚಿದ್ದು ಅದು. ಹೊಸ ಹಲ್ಲು ಹಾಕಿಕೊಂಡು ಕನ್ನಡಿ ನೋಡಿ ನೀನು, "ಚೆನ್ನಾಗಿದೆ ಕಣೆ. ಯಾರ್ದೋ ಮನೆಗೆ ನೆಂಟ್ರಾಗಿ ಹೋದಂಗಿದೆ" ಎಂದೆ. ಮುಂದಿನ ವಾರ ವಿಚಾರಣೆಯ ಕಿಟಕಿಯಲ್ಲಿ ಯಾರೋ ನಿನ್ನನ್ನೇ, "ಹಳೇ ಮೇಡಂ ರಿಟೈರ್ ಆದ್ರಾ?" ಎಂದು ಕೇಳಿದರಂತೆ. ಅದನ್ನೂ ನೀನು ತಮಾಷೆ ಮಾಡಿಯೇ ಹೇಳಿದ್ದೆ. ನಿನ್ನ ತಮಾಷೆಗಳು ಎಂಥವು ಎಂದು ನನಗೆ ಈ ವಾರ ತಿಳಿಯಿತು.

ನಾನು ಏಳು ತಿಂಗಳ ಬಸುರಿಯಿದ್ದಾಗ ಒಂದು ದಿನ ಹೇಳದೆ ಕೇಳದೆ ನಿನ್ನ ಮನೆಗೆ ಬಂದೆ. ಸೆಟ್ಟು ಬಟ್ಟಲಿನ ನೀರಿನಲ್ಲಿತ್ತು. ನಾನು ಬರುವ ದಿನ ಮಾತ್ರ ನೀನು ಅದನ್ನು ಹಾಕಿಕೊಳ್ಳುತ್ತಿದ್ದೆ ಎಂಬುದು ಗೊತ್ತಾದದ್ದು ಅವತ್ತೇ. ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಬೋಳು ಬಾಯಲ್ಲೇ ಹೇಳಿದೆ: "ಹನ್ನೊಂದು ದಿನ ಕಾದೆ ಕಣೆ, ನೀನು ಇತ್ತ ತಿರುಗ್ತೀಯೇನೋ ಅಂತ. ಹನ್ನೆರಡನೇ ದಿನ ಹಾಲೇ..." ನಾನು ಮಧ್ಯದಲ್ಲೇ ಬಾಯಿ ಹಾಕಿ, "ಹಲ್ಲು ಹಾಕ್ಕೊಂಡು ಮಾತಾಡಮ್ಮ, ಒಂದೂ ಅರ್ಥ ಆಗಲ್ಲ" ಎಂದೆ. ನೀನು ಎದ್ದು ಹೋಗಿ ಹಲ್ಲು ಹಾಕಿಕೊಂಡು ಬಂದೆ. "ಏನಿಲ್ಲ ಬಿಡು. ಊಟ ಮಾಡ್ತೀಯಾ?" ಎಂದೆ.

ಅಮ್ಮಾ, ನನಗೆ ಅರ್ಥವಾಗಿತ್ತು. ಒಂದೊಂದು ಮಾತೂ ಅರ್ಥವಾಗಿತ್ತು. ನಾನು ಮಾಡಿದ ಹಲ್ಲು ನೀರಿನಲ್ಲಿ ಬಿದ್ದಿದೆಯಲ್ಲ ಎಂಬ ಸಿಟ್ಟಿಗೆ ಹಾಗಂದೆ.

ಅದಾಗಿ ಮೂರು ವಾರಕ್ಕೆ ನೀನು ಮಲಗಿದಲ್ಲೇ ಹೋದೆ, ಯಾರಿಗೂ ಹೇಳದೆ. ಕೊನೆಯ ಸಲ ನಿನ್ನ ಬಾಯಿಗೆ ಹಲ್ಲು ಇಟ್ಟವಳೂ ನಾನೇ. "ನಗ್ತಾ ಇದ್ದಂಗಿದೆ ನೋಡಿ" ಎಂದರು ಪಕ್ಕದ ಮನೆಯವರು. ನಗುತ್ತಿದ್ದದ್ದು ನನ್ನ ಕೈಕೆಲಸ, ನೀನಲ್ಲ.

ಐದು ದಿನಕ್ಕೇ ನನಗೆ ಹುಚ್ಚು ಹಿಡಿದಂತಾಗಿದೆ. ನೀನು ಹನ್ನೊಂದು ದಿನ ಹೇಗೆ ಕಳೆದೆ? ಎದೆ ಕಲ್ಲಾಗಿ, ಬಟ್ಟೆ ಒದ್ದೆಯಾಗಿ, ಮೈಕಿನ ಮುಂದೆ ಕೂತು ಬಸ್ಸು ಕೂಗುತ್ತಿದ್ದೆಯಾ? ಕೇಳಬೇಕಾದ ದಿನ ನಾನು ಕೇಳಲಿಲ್ಲ. ಪುಟ್ಟಿ ದಿಟ್ಟಿಸುವ ಆ ಖಾಲಿ ಕುರ್ಚಿಯನ್ನು ನಿನ್ನೆ ಗೋಡೆಗೆ ಮುಖ ಮಾಡಿ ಇಟ್ಟಿದ್ದೆ. ಇವತ್ತು ನೋಡಿದರೆ ಮತ್ತೆ ತೊಟ್ಟಿಲ ಕಡೆ ತಿರುಗಿದೆ. ಅತ್ತೆ ಕೂತಿರಬಹುದು. ಕೇಳಲು ಧೈರ್ಯ ಬರಲಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಅತ್ತೆ ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಪುಟ್ಟಿ ಚಾಪೆಯ ಮೇಲೆ ನನಗೆ ಬೆನ್ನು ಹಾಕಿ ಕೂತಿದ್ದಳು. ಬರೆದದ್ದನ್ನು ಓದಿಕೊಳ್ಳುತ್ತಿದ್ದವಳಿಗೆ ನಿನ್ನ ಇಪ್ಪತ್ತಾರನೇ ನಂಬರಿನ ಬಸ್ಸಿನ ಸಾಲು ಬಂದಾಗ ಬಾಯಿ ತಾನಾಗಿಯೇ ತೆರೆಯಿತು. ಆ ಹುಡುಗಿಯರು ಅಣಕಿಸುತ್ತಿದ್ದಂತೆಯೇ ನಾಲಿಗೆಯನ್ನು ಹಲ್ಲಿಗೊತ್ತಿ, ಒಂದೊಂದು 'ಸ'ವನ್ನೂ ಎಳೆದು ಎಳೆದು ಕೂಗಿದೆ. ನಿನ್ನಷ್ಟು ಚೆನ್ನಾಗಿ ಬರಲಿಲ್ಲ. ಆದರೆ ಪುಟ್ಟಿ ತಿರುಗಿದಳು. ಇನ್ನೊಂದು ಸಲ ಕೂಗಿದೆ. ಸಂದು ಕಾಣುವಂತೆ ನಕ್ಕಳು. ಅಂಬೆಗಾಲಿಟ್ಟು ಬಂದು, ತೊಡೆ ಹತ್ತಿ, ಕಳೆದುಹೋದ ಸಾಮಾನು ಹುಡುಕುವವಳಂತೆ ನನ್ನ ಬಟ್ಟೆ ಎಳೆದಳು.

ಈಗ ಕುಡಿಯುತ್ತಿದ್ದಾಳೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬರೆಯಲು ಒಂದೇ ಕೈ. ಇನ್ನೊಂದರ ಕಿರುಬೆರಳು ಅವಳ ಬಾಯಿಯ ಮೂಲೆಯಲ್ಲಿ ಕಾದಿದೆ. ಎರಡು ಹಲ್ಲೂ ಮೆಲ್ಲಗೆ ತಾಗುತ್ತಿವೆ, ನಡುವಿನ ಜಾಗವೂ ತಿಳಿಯುತ್ತಿದೆ. ಕಚ್ಚಿದರೆ ಕಚ್ಚಲಿ, 'ಅಮ್ಮಾ' ಎಂದು ಕೂಗುವುದಿಲ್ಲ.

ಒಂದೇ ವಿಷಯ. ಪುಟ್ಟಿಯ ಬಾಯಿ ತುಂಬ ಹಾಲಿದೆ. ನಾನು ಓದುವುದನ್ನು ನಿಲ್ಲಿಸಿ ಬಹಳ ಹೊತ್ತಾಯಿತು. ಒಲೆಯ ಮೇಲೆ ಕುಕ್ಕರ್ ಇಲ್ಲ. ಸೀಟಿ ಮಾತ್ರ ನಿಂತಿಲ್ಲ, ಕಿಟಕಿಯ ಪಕ್ಕದಿಂದ ಬರುತ್ತಲೇ ಇದೆ. ನಾನು ತಲೆಯೆತ್ತಿ ನೋಡುವುದಿಲ್ಲ. ಕೂತಿರು ಅಮ್ಮ, ಅವಸರವೇನಿಲ್ಲ. ಮೊಮ್ಮಗಳು ಹೊಟ್ಟೆ ತುಂಬ ಕುಡಿಯುವುದನ್ನು ಕಣ್ತುಂಬ ನೋಡು. ಹೋಗುವಾಗ ಮಾತ್ರ, ಈ ಸಲವಾದರೂ, ಹೇಳಿ ಹೋಗು.

ಬಹಳ ತಡವಾಗಿ ಇತ್ತ ತಿರುಗಿದ,
ನಿನ್ನ ಮಗಳು